ಮಾವನ ಗರಗಸ, ಅತ್ತೆಯ ಕಿವಿ

ನಮ್ಮ ಸೋದರಮಾವ ಹಲ್ಲು ಕಟ್ಟುವವರು. ಡಾಕ್ಟರಲ್ಲ. ಊರಿನ ಮೂವರು ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕ ಸೆಟ್ಟು ಮಾಡಿಕೊಡುವುದು ಅವರ ಕೆಲಸ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿ ಪಕ್ಕದ ಮೇಜಿನ ಮೇಲೆ ಯಾವಾಗ ನೋಡಿದರೂ ಐದಾರು ದವಡೆಗಳು ಸಾಲಾಗಿ ಕೂತು, ಬಂದವರನ್ನು ನೋಡಿ ನಗುತ್ತಿದ್ದವು. ಬೀದಿಯವರ ಬಾಯಲ್ಲಿ ಮಾವ ‘ಹಲ್ಲಣ್ಣ’. ನಾವು ಅದೇ ಮನೆಯ ಮಹಡಿಯಲ್ಲಿದ್ದೆವು. ಹಾಗಾಗಿ ಈಗ ಹೇಳಹೊರಟಿದ್ದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು.

ಮಾವನಿಗೆ ನಲವತ್ತಮೂರು ತುಂಬಿದ ವರ್ಷ, ಒಂದು ಹಿತ್ತಾಳೆ ತುಂಡು ಬೇಕೆಂದು ಗುಜರಿ ಅಂಗಡಿಗೆ ಹೋದರು. ಅಲ್ಲಿ ಸೊಟ್ಟಗಾದ ಸೈಕಲ್ ಚಕ್ರಗಳ ಕೆಳಗೆ ಕೆಂಪು ಬಣ್ಣದ ಒಂದು ಯಂತ್ರ ಬಿದ್ದಿತ್ತು. ಮರ ಕೊಯ್ಯುವ ಚೈನ್ ಗರಗಸ. ವಯಸ್ಸಿನಲ್ಲಿ ಮಾವನಿಗಿಂತ ಹಿರಿಯ, ತೂಕ ಹದಿನಾಲ್ಕು ಕಿಲೋ. ಮಾವನ ಕಣ್ಣು ಮೊದಲು ಬಿದ್ದದ್ದು ಎಂಜಿನ್ನಿನ ಮೇಲಲ್ಲ, ಸರಪಳಿಯ ಮೇಲೆ. ಅದರ ಉದ್ದಕ್ಕೂ ಹಲ್ಲುಗಳು. ಅರ್ಧ ಮೊಂಡು, ಮಿಕ್ಕರ್ಧ ಮುರುಕು. “ಅಯ್ಯೋ ಪಾಪ, ಯಾರೂ ನೋಡ್ಕೊಂಡೇ ಇಲ್ಲ ಇದನ್ನ,” ಅಂದರಂತೆ. ಹಿತ್ತಾಳೆ ಮರೆತೇಹೋಯಿತು. ಯಂತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮಗು ಎತ್ತಿಕೊಂಡಂತೆ ಎತ್ತಿಕೊಂಡು ಆಟೋದಲ್ಲಿ ಮನೆಗೆ ಬಂದರು.

ಅತ್ತೆ ಬಾಗಿಲಲ್ಲೇ ತಡೆದರು.

“ಏನ್ರೀ ಅದು?”

“ಮೋಟರು.”

“ಯಾವುದರ ಮೋಟರು?”

“ನೋಡ್ಬೇಕು.”

ನೋಡುವುದಕ್ಕೆ ಏಳು ತಿಂಗಳು ಹಿಡಿಯಿತು. ಸೆಟ್ಟಿನ ಹಲ್ಲು ಉಜ್ಜುವ ಸಣ್ಣ ಅರದಿಂದಲೇ ಸರಪಳಿಯ ಒಂದೊಂದು ಹಲ್ಲನ್ನೂ ಅದೇ ಓರೆಯಲ್ಲಿ, ಅದೇ ಎತ್ತರಕ್ಕೆ ಉಜ್ಜಿದರು. ಎಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಹಗ್ಗ ಜಗ್ಗಿದಾಗ ಅದು ಕೆಮ್ಮಿತು, ನೀಲಿ ಹೊಗೆ ಕಾರಿತು, ಆಮೇಲೆ ಇಡೀ ಬೀದಿ ಬೆಚ್ಚಿಬೀಳುವಂತೆ ಆರ್ಭಟಿಸಿತು. ಒಗೆದು ಹರವಿದ್ದ ಬಟ್ಟೆಯೆಲ್ಲ ಎಣ್ಣೆಯ ಚುಕ್ಕೆಮಯವಾಯಿತು. ಮಾವ ಕಣ್ಣೊರೆಸಿಕೊಂಡರು. ಹೊಗೆಯಿಂದ ಅಂತ ಅವರು ಇವತ್ತಿಗೂ ಹೇಳುತ್ತಾರೆ.

ಅಲ್ಲಿಗೆ ಶುರುವಾದದ್ದು ನಿಲ್ಲಲಿಲ್ಲ. ಹದಿನೇಳು ವರ್ಷದಲ್ಲಿ ಗರಗಸಗಳು ಇಪ್ಪತ್ತಾರಾದವು. ಮಂಚದ ಕೆಳಗೆ ಆರು, ಅಟ್ಟದ ಮೇಲೆ ಒಂಬತ್ತು, ಮಿಕ್ಕವು ಎಲ್ಲೆಂದರಲ್ಲಿ. ಒಂದಂತೂ ಬಚ್ಚಲಲ್ಲಿ ಬಕೆಟ್ಟಿನ ಪಕ್ಕ ವರ್ಷಾನುಗಟ್ಟಲೆ ಕೂತಿತ್ತು. ಬಂದ ನೆಂಟರು ಅದು ನೀರೆತ್ತುವ ಪಂಪು ಅಂದುಕೊಂಡು ಸ್ನಾನ ಮುಗಿಸಿ ಹೋಗುತ್ತಿದ್ದರು. ಅಡುಗೆಮನೆಯ ಪಾತ್ರೆ ಹೊಸಿಲು ದಾಟಕೂಡದು ಅಂತ ಅತ್ತೆ ಕಾನೂನು ಮಾಡಿದ್ದರು. ಆದರೂ ಒಮ್ಮೆ ಹಾಲಿನ ಪಾತ್ರೆಯಲ್ಲಿ ಕಾರ್ಬೊರೇಟರೊಂದು ಪೆಟ್ರೋಲಿನಲ್ಲಿ ಈಜುತ್ತ ಸಿಕ್ಕಿಬಿತ್ತು. ಆ ವಾರ ಮಾವ ನಮ್ಮ ಮನೆಯಲ್ಲೇ ಊಟ ಮಾಡಿದರು.

ಹಳೇ ಗರಗಸಗಳ ಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಎರಡು ಲೋಹದ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ಟುಗಳನ್ನು ಮಾವ ದಪ್ಪ ಕಾಗದದಲ್ಲಿ ತಾವೇ ಕತ್ತರಿಸುತ್ತಿದ್ದರು. ಅದಕ್ಕೆ ಮದುವೆ ಕಾಗದ ಬಲು ಹೇಳಿಮಾಡಿಸಿದ್ದು. ಯಾರಾದರೂ ಕರೆಯಲು ಬಂದರೆ ಮಾವ ಕಾಗದ ಓದುವುದಕ್ಕೆ ಮೊದಲು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. “ಚೆನ್ನಾಗಿದೆ, ಚೆನ್ನಾಗಿದೆ,” ಅನ್ನುತ್ತಿದ್ದರು. ಬಂದವರು ಸಂಬಂಧ ಚೆನ್ನಾಗಿದೆ ಅಂದರೆಂದು ಹಿಗ್ಗುತ್ತಿದ್ದರು. ಅತ್ತೆಯ ಖಾಸಾ ತಮ್ಮನ ಮಗಳ ಮದುವೆಗೆ ಹೊರಟ ದಿನ ಕಾಗದ ತೆಗೆದು ನೋಡಿದರೆ, ವಧೂವರರ ಹೆಸರು ಇತ್ತು, ಛತ್ರದ ಹೆಸರಿದ್ದ ಜಾಗದಲ್ಲಿ ದುಂಡಗೆ ತೂತು. ಊರಿನ ನಾಲ್ಕು ಛತ್ರ ಸುತ್ತಿ, ನಾಲ್ಕನೆಯದರಲ್ಲಿ ಕೈತೊಳೆಯುವ ಹೊತ್ತಿಗೆ ಸರಿಯಾಗಿ ತಲುಪಿದೆವು.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು. ಮಾವ ಆವರೆಗೆ ಒಂದೇ ಒಂದು ಮರ ಕೊಯ್ದವರಲ್ಲ. ನಮ್ಮದು ಮಗ್ಗುಲಿಗೆ ಮಗ್ಗುಲು ತಾಗಿದ ಮನೆಗಳ ಬೀದಿ. ಹಿತ್ತಲಲ್ಲಿ ಕೊಯ್ಯಲು ಇದ್ದದ್ದು ಒಂದು ದಾಸವಾಳದ ಗಿಡ. ಅವರಿಗೆ ಬೇಕಾದದ್ದೂ ಕೊಯ್ಯುವುದಲ್ಲ, ಶ್ರುತಿ ಮಾಡುವುದು. ಪ್ರತಿ ಭಾನುವಾರ ಹತ್ತರಿಂದ ಹನ್ನೊಂದು. ಹಿತ್ತಲ ಕಲ್ಲಿನ ಮೇಲೆ ಒಂದು ಗರಗಸ ಇಟ್ಟು, ಕತ್ತು ಓರೆ ಮಾಡಿ, ಪುಟ್ಟ ಸ್ಕ್ರೂಡ್ರೈವರಿನಿಂದ ಪೆಟ್ರೋಲು ಹೆಚ್ಚುಕಮ್ಮಿ ಮಾಡುವ ಕಾರ್ಬೊರೇಟರಿನ ತಿರುಪನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತ ಕಿವಿಗೊಡುತ್ತಿದ್ದರು.

“ಪೆಟ್ರೋಲು ಜಾಸ್ತಿ ಹೋದ್ರೆ ಹೊಟ್ಟೆ ತುಂಬಿದೋರ ಥರ ಗೊಳಗೊಳ ಅನ್ನತ್ತೆ,” ಎಂದು ನನಗೊಮ್ಮೆ ಬಿಡಿಸಿ ಹೇಳಿದ್ದರು. “ಕಮ್ಮಿ ಆದ್ರೆ ಹಸಿವಿಗೆ ಕಿರಿಚತ್ತೆ. ಹಾಗೆ ಕಿರಿಚೋಕೆ ಬಿಟ್ರೆ ಒಳಗೆ ಪಿಸ್ಟನ್ ಸುಟ್ಟು ಅಂಟ್ಕೊಳತ್ತೆ. ಮುಗೀತು ಕತೆ. ಖಾಲಿ ಓಡುವಾಗ ಸ್ವಲ್ಪ ಗೊಣಗಬೇಕು. ಕೆಲಸಕ್ಕೆ ಹಚ್ಚಿದ ಕೂಡ್ಲೇ ಗೊಣಗಾಟ ನಿಲ್ಲಬೇಕು. ಅದೇ ಸರಿಯಾದ ಶ್ರುತಿ.”

“ಮನುಷ್ಯರಿಗೂ ಅಷ್ಟೇ,” ಅಂದರು ಅಡುಗೆಮನೆ ಕಿಟಕಿಯಿಂದ ಅತ್ತೆ.

ಈ ಭಾನುವಾರದ ಕಛೇರಿಗೆ ಬದ್ಧ ವೈರಿಯೆಂದರೆ ಎದುರುಮನೆಯ ನಿವೃತ್ತ ರಿಜಿಸ್ಟ್ರಾರರು. ಹನ್ನೊಂದು ಬಾರಿ ಲಿಖಿತ ದೂರು ಕೊಟ್ಟಿದ್ದರು, ಪ್ರತಿಯೊಂದರ ನಕಲೂ ಇಟ್ಟುಕೊಂಡಿದ್ದರು. ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. ತಮಾಷೆಯೆಂದರೆ ಅವರು ಬೈಯುತ್ತಿದ್ದದ್ದು ಮಾವ ಕಟ್ಟಿಕೊಟ್ಟ ಹಲ್ಲಿನಲ್ಲೇ. ಅವರು ಕೂಗಾಡುವಾಗ ಮಾವ ಮಾತಿಗಿಂತ ಹೆಚ್ಚಾಗಿ ಮೇಲಿನ ಸೆಟ್ಟು ಅಲುಗಾಡುತ್ತಿದೆಯೇ ಅಂತ ನೋಡುತ್ತಿದ್ದರು. ಅಲುಗಾಡದಿದ್ದರೆ ಸಮಾಧಾನದಿಂದ ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಮಾವನ ಕೈಗುಣಕ್ಕೆ ಏನೋ ಆಯಿತು. ಒಂದೇ ವರ್ಷದಲ್ಲಿ ಮೂರು ಗರಗಸಗಳು ಭಾನುವಾರದ ಶ್ರುತಿಯ ನಡುವೆಯೇ ಒಮ್ಮೆ ಕಿರ್ರೆಂದು ಕಿರುಚಿ ತಣ್ಣಗಾದವು. ಬಿಚ್ಚಿ ನೋಡಿದರೆ ಮೂರರ ಪಿಸ್ಟನ್ನೂ ಸುಟ್ಟು ಗೀರುಗೀರು. ಮಾವ ಪೆಟ್ರೋಲ್ ಬಂಕನ್ನು ಬೈದರು, ಎಣ್ಣೆಯನ್ನು ಬೈದರು, ಹವೆಯನ್ನು ಬೈದರು. ಬಂಕು ಬದಲಿಸಿದರು. ಊಟ ಸರಿಯಾಗಿ ಸೇರದೆ ಸೊರಗಿದರು. ಆ ದಿನಗಳಲ್ಲಿ ಅವರು ಕುಕ್ಕರಿನ ಕೂಗಿಗೂ ಕಾಲಿಂಗ್ ಬೆಲ್ಲಿಗೂ ತಲೆ ಎತ್ತುತ್ತಿರಲಿಲ್ಲ. ಬೇಜಾರಿನಲ್ಲಿದ್ದಾರೆ ಅಂದುಕೊಂಡೆವು.

ಆ ವರ್ಷದ ಕೊನೆಗೆ ಒಂದು ಮುಂಜಾನೆ ಬಿರುಗಾಳಿ ಎದ್ದು, ಬೀದಿಯ ತುದಿಯಲ್ಲಿದ್ದ ಒಂದೇ ಒಂದು ದೊಡ್ಡ ಮರ ಬುಡಸಮೇತ ಉರುಳಿತು. ಉರುಳಿದ್ದು ರಿಜಿಸ್ಟ್ರಾರರ ಗೇಟಿಗೆ ಅಡ್ಡಲಾಗಿ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅವರ ಮನೆಯಿಂದ ಹೊರಗೆ ಬರಲು ದಾರಿಯಿಲ್ಲ. ಎಂಟೂವರೆಗೆ ಪುರಸಭೆಯಿಂದ ಮರ ಕೊಯ್ಯುವವನೊಬ್ಬ ಎರಡು ಹೊಸ ಯಂತ್ರ ಹಿಡಿದುಕೊಂಡು ಬಂದ. ಒಂದರ ಬ್ಯಾಟರಿ ಸತ್ತಿತ್ತು. ಇನ್ನೊಂದರ ಸರಪಳಿ ಎರಡನೇ ಕೊಂಬೆಗೇ ತುಂಡಾಯಿತು.

“ನಾಳೆ ಬರ್ತೀವಿ ಸಾರ್,” ಅಂತ ಆತ ಕೈಚೆಲ್ಲಿದ.

ರಿಜಿಸ್ಟ್ರಾರರು ಎಲೆಗಳ ಸಂದಿಯಿಂದ ಮುಖ ಹೊರಹಾಕಿ ಏನೋ ಕಿರುಚಿದರು. ಅವರ ಕಷ್ಟ ದೊಡ್ಡದಿತ್ತು. ಹನ್ನೊಂದು ಗಂಟೆಗೆ ನಿವೃತ್ತ ನೌಕರರ ಸಂಘದಲ್ಲಿ ಅವರದು ಅಧ್ಯಕ್ಷ ಭಾಷಣ. ಕೆಳಗಿನ ಸೆಟ್ಟು ಬಿರುಕು ಬಿಟ್ಟಿದೆಯೆಂದು ಹಿಂದಿನ ದಿನವಷ್ಟೇ ಎರಡೂ ಸೆಟ್ಟನ್ನು ಮಾವನಿಗೆ ಕೊಟ್ಟಿದ್ದರು. ಮಾವ ರಾತ್ರಿಯೇ ಸರಿಮಾಡಿ ಇಟ್ಟಿದ್ದರು. ಹಲ್ಲು ಮರದ ಈಚೆ, ಬಾಯಿ ಮರದ ಆಚೆ.

“ಹಯ್ಯು! ನಂ ಹಯ್ಯು!” ಅಂತ ಅವರು ಕೂಗಿದರು.

ಮಾವನಿಗೆ ಅದು “ನಿಲ್ಲು, ನಿಲ್ಲು” ಅಂತ ಕೇಳಿಸಿತು. “ಇನ್ನೂ ಶುರುವೇ ಮಾಡಿಲ್ಲ ಸ್ವಾಮಿ, ಆಗ್ಲೇ ನಿಲ್ಲು ಅಂತೀರಲ್ಲ!” ಎಂದು ರೇಗಿ, ಒಳಗೆ ಹೋಗಿ, ಮೊಟ್ಟಮೊದಲು ತಂದಿದ್ದ ಆ ಕೆಂಪು ಗರಗಸವನ್ನು ಎತ್ತಿಕೊಂಡು ಬಂದರು. ಬೀದಿಯಲ್ಲಿ ಅಷ್ಟೊತ್ತಿಗೆ ನಲವತ್ತು ಜನ ಸೇರಿದ್ದರು. ಹದಿನೇಳು ವರ್ಷ ಶಾಪ ಹಾಕಿದವರೆಲ್ಲ ಈಗ ದಾರಿ ಬಿಟ್ಟು ನಿಂತರು. ಮಾವ ಮೂರನೇ ಜಗ್ಗಿಗೆ ಅದನ್ನು ಎಬ್ಬಿಸಿದರು, ಸ್ಕ್ರೂಡ್ರೈವರ್ ತೆಗೆದರು, ಕತ್ತು ಓರೆ ಮಾಡಿದರು, ತಿರುಪನ್ನು ಬಲಕ್ಕೆ ತಿರುಗಿಸಿದರು. ಇನ್ನೊಂಚೂರು ಬಲಕ್ಕೆ. ಮುಖದಲ್ಲಿ ತೃಪ್ತಿ. ಗರಗಸದ ದನಿ ಏರಿ ಏರಿ ಕೀರಲಾಯಿತು. ಸ್ಕ್ರೂಡ್ರೈವರ್ ಇನ್ನೂ ತಿರುಪಿನಲ್ಲಿರುವಾಗಲೇ, ಬಂದು ತಗೋ ಅಂತ ಮರ ಕೊಯ್ಯುವವನಿಗೆ ಸನ್ನೆ ಮಾಡಿದರು.

ಆಗ ಅತ್ತೆ ಓಡಿಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು.

“ರೀ! ನಿಲ್ಸ್ರೀ! ಹಸಿದಿದೆ ಅದು! ಸುಟ್ಟುಹೋಗತ್ತೆ!”

ಮಾವ ಅವರ ಬಾಯಿ ನೋಡಿದರು, ಮಾತು ಕೇಳಿಸಲಿಲ್ಲ. ಅತ್ತೆ ನೇರವಾಗಿ ಬಂದು ಮಾವನ ಮುಂಗೈ ಹಿಡಿದು ಎಡಕ್ಕೆ ತಿರುಚಿದರು. ತಿರುಪು ಎಡಕ್ಕೆ ಸರಿಯಿತು. ಕೀರಲು ದನಿ ಇಳಿಯಿತು. ಅತ್ತೆ ಕಣ್ಣು ಮುಚ್ಚಿ, ಸೌಟನ್ನು ಗಾಳಿಯಲ್ಲಿ ನಿಧಾನವಾಗಿ ಆಡಿಸಿದರು. ಇನ್ನೂ ಎಡಕ್ಕೆ. ಜಾಸ್ತಿ ಆಯ್ತು. ಒಂಚೂರು ಬಲಕ್ಕೆ. ಸೌಟು ನಿಂತಿತು. ಗರಗಸ ಹದವಾಗಿ ಗೊಣಗುತ್ತಿತ್ತು.

ಮರ ಕೊಯ್ಯುವವನು ಯಂತ್ರ ತೆಗೆದುಕೊಂಡು ಕಾಂಡಕ್ಕೆ ಹಚ್ಚಿದ. ಗೊಣಗಾಟ ನಿಂತು, ದನಿ ತೊಳೆದಿಟ್ಟಂತೆ ಸ್ವಚ್ಛವಾಯಿತು. ಮರದ ಪುಡಿ ಉದ್ದುದ್ದ ಎಸಳಾಗಿ ಹಾರಿತು. ಮಾವ ಉಜ್ಜಿದ ಹಲ್ಲು! ಕಾಂಡ ಸೋಪಿನಂತೆ ತುಂಡಾಯಿತು. ಆತ ಬೆವರು ಒರೆಸಿಕೊಂಡು ಅಂದ: “ಇಪ್ಪತ್ತು ವರ್ಷದಿಂದ ಕೊಯ್ತಿದೀನಿ. ಇಂಥ ಮಷೀನು ಹಿಡಿದಿಲ್ಲ. ಅಮ್ಮನ ಕಿವಿ ದೊಡ್ಡದು ಬಿಡಿ.”

ದಾರಿ ಬಿಡಿಸಿಕೊಂಡು ಹೊರಗೆ ಬಂದ ರಿಜಿಸ್ಟ್ರಾರರು ಯಾರಿಗೂ ಥ್ಯಾಂಕ್ಸ್ ಹೇಳದೆ ನೇರ ಮಾವನ ಮುಂದಿನ ಕೋಣೆಗೆ ನುಗ್ಗಿ, ಬಾಯಿ ತುಂಬಿಸಿಕೊಂಡು ಬಂದರು. ಆಮೇಲೆ ಹೇಳಿದರು. ಅಧ್ಯಕ್ಷ ಭಾಷಣದಷ್ಟೇ ಉದ್ದವಾಗಿ ಹೇಳಿದರು. ಸಂಘಕ್ಕೆ ತಡವಾಯಿತು.

ಎಲ್ಲರೂ ಹೊಗಳುತ್ತಿದ್ದರೆ ಮಾವ ಮಾತ್ರ ಜಗಲಿಯ ಮೇಲೆ ಮಂಕಾಗಿ ಕೂತಿದ್ದರು. ಜನ ಚದುರಿದ ಮೇಲೆ ಅತ್ತೆಯನ್ನು ಕರೆದರು.

“ಆ ಕಿರಿಚೋ ದನಿ ನನಗೆ ಕೇಳಿಸ್ತಾನೇ ಇಲ್ಲ ಅಲ್ವಾ?”

“ಇಲ್ಲ.”

“ಯಾವಾಗಿಂದ ಗೊತ್ತು ನಿನಗೆ?”

“ಒಂದು ವರ್ಷ ಆಯ್ತು. ಕುಕ್ಕರ್ ಐದು ಸಲ ಕೂಗಿದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಲ್ಲ, ಆವತ್ತಿಂದ.”

“ಹೇಳ್ಬಾರದಾಗಿತ್ತಾ?”

“ಹೇಳ್ದೆ. ಕೇಳಿಸ್ಲಿಲ್ಲ ನಿಮಗೆ.”

ಮಾವ ಅಂಗೈಗೆ ಅಂಟಿದ ಎಣ್ಣೆ ಒರೆಸಿಕೊಂಡರು. ಆಮೇಲೆ ಏನೋ ಹೊಳೆದು ತಟ್ಟನೆ ತಲೆಯೆತ್ತಿದರು. “ಮತ್ತೆ ಆ ಮೂರು ಸುಟ್ಟುಹೋದ್ವಲ್ಲ, ಆಗ ನೀನು ಅಡುಗೆಮನೇಲೇ ಇದ್ದೆ. ಅವು ಕಿರಿಚಿದ್ದು ನಿನಗೆ ಕೇಳಿಸ್ಲಿಲ್ವಾ?”

ಅತ್ತೆ ಸೆರಗಿನ ತುದಿ ಸರಿಮಾಡಿಕೊಂಡರು. “ಕೇಳಿಸ್ತು.”

“ಮತ್ತೆ?”

“ಮನೇಲಿ ಮೂರು ಕಮ್ಮಿ ಆಗತ್ತಲ್ಲ ಅಂತ ಸುಮ್ಮನಿದ್ದೆ.”

ಮೆಟ್ಟಿಲ ಮೇಲೆ ನಿಂತಿದ್ದ ನಾನು ನಗು ತಡೆಯಲಾರದೆ ಮಹಡಿಗೆ ಓಡಿದೆ. ಮಾವ ನಗಲಿಲ್ಲ. ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟರು. ಮೂರನೇ ದಿನ ಅತ್ತೆಯೇ ಅವರನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಹಲ್ಲು ಉಜ್ಜುವ ಚಕ್ರ, ಗರಗಸ, ಎರಡೂ ಸೇರಿ ಕೀರಲು ದನಿ ಕೇಳುವ ಶಕ್ತಿಯನ್ನೆಲ್ಲ ತಿಂದುಹಾಕಿವೆ, ಅದು ಹಿಂದೆ ಬರುವುದಿಲ್ಲ ಅಂತ ಡಾಕ್ಟರು ಕಾಗದದ ಮೇಲೆ ಕಿವಿ ಇಳಿದ ಗೆರೆ ಎಳೆದು ತೋರಿಸಿದರು. ಮಾವ ಆ ಗೆರೆಯನ್ನು ತುಂಬ ಹೊತ್ತು ನೋಡಿದರಂತೆ. ದಾರಿಯುದ್ದಕ್ಕೂ ಅತ್ತೆಯ ಕೈ ಬಿಡಲಿಲ್ಲವಂತೆ. ಇದನ್ನು ಅತ್ತೆ ನನ್ನ ಅಮ್ಮನಿಗೆ ಹೇಳಿದ್ದು, ನಗುತ್ತಲೇ ಹೇಳಿದ್ದು, ಆದರೆ ದನಿ ತಗ್ಗಿಸಿ.

ಮುಂದಿನ ಭಾನುವಾರ ಹತ್ತು ಗಂಟೆಗೆ ಮಾವ ಹಿತ್ತಲಲ್ಲಿ ಗರಗಸ ಇಟ್ಟುಕೊಂಡು ಕೂತರು. ಹಗ್ಗ ಜಗ್ಗಲಿಲ್ಲ. ಹತ್ತೂಕಾಲಾಯಿತು. ಅತ್ತೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಒಂದು ಸ್ಟೂಲು ತಂದು ಎದುರಿಗೆ ಕೂತರು. “ಮಂಚದ ಕೆಳಗಿನವು ಆರೂ ಹೋಗ್ಬೇಕು,” ಅಂದರು. “ಮೂರು,” ಅಂದರು ಮಾವ. “ಐದು.” “ಆಯ್ತು.” ಆಮೇಲೆ ಹಗ್ಗ ಜಗ್ಗಿದರು.

ಈಗ ಆರು ವರ್ಷವಾಯಿತು. ಗರಗಸಗಳು ಹದಿನಾಲ್ಕಕ್ಕೆ ಇಳಿದಿವೆ. ಹೋದವೆಲ್ಲ ಓಡುವ ಸ್ಥಿತಿಯಲ್ಲೇ ಹೋದವು. ಪುರಸಭೆಯ ಮರ ಕೊಯ್ಯುವವನು ತನ್ನ ಯಂತ್ರಗಳನ್ನು ಈಗ ಇಲ್ಲಿಗೇ ತರುತ್ತಾನೆ, ಸರಪಳಿಯನ್ನು ಮಾವನ ಮೇಜಿನ ಮೇಲೆ ದವಡೆಗಳ ಪಕ್ಕ ಇಟ್ಟು, “ಅಮ್ಮ ಇದಾರಾ?” ಅಂತ ನೇರ ಹಿತ್ತಲಿಗೆ ನಡೆಯುತ್ತಾನೆ. ರಿಜಿಸ್ಟ್ರಾರರು ಭಾನುವಾರದ ಸಪ್ಪಳದ ಬಗ್ಗೆ ಹನ್ನೆರಡನೇ ದೂರು ಬರೆಯಲಿಲ್ಲ. ಹತ್ತರ ಬದಲು ಹತ್ತೂವರೆಗೆ ಶುರುಮಾಡಿ ಅಂತ ಮನವಿ ಬರೆದರು, ನಕಲು ಇಟ್ಟುಕೊಂಡರು.

ಅತ್ತೆ ಮಾವನಿಗಿಂತ ಕಟ್ಟುನಿಟ್ಟು. ಕಿವಿಗೆ ಮುಚ್ಚಿಗೆಯಿಲ್ಲದೆ ಹಿತ್ತಲಿಗೆ ಬಂದವರನ್ನು ವಾಪಸು ಕಳಿಸುತ್ತಾರೆ. ಹೋದ ತಿಂಗಳು ದೂರದ ಊರಿನಿಂದ ಒಬ್ಬರು ಹಳೇ ಹಸಿರು ಗರಗಸ ಹೊತ್ತುಕೊಂಡು ಬಂದಿದ್ದರು. ದನಿ ಮೊದಲಿನ ಹಾಗೆ ಏರುವುದೇ ಇಲ್ಲ, ಮೂವರು ಮೆಕ್ಯಾನಿಕ್ಕುಗಳ ಕೈಲೂ ಆಗಲಿಲ್ಲವಂತೆ. ಅತ್ತೆ ತಮ್ಮ ಮುಚ್ಚಿಗೆಯೊಂದನ್ನು ಒಂದೇ ಒಂದು ಗಳಿಗೆ ಎತ್ತಿ ಕೇಳಿದರು, ತಿರುಪು ಮುಟ್ಟಲೂ ಇಲ್ಲ.

“ಮಷೀನು ಸರಿಯಾಗಿದೆ,” ಅಂದರು. “ಕುಕ್ಕರ್ ಕೂಗೋದು ನಿಮಗೆ ಕೇಳಿಸತ್ತಾ ಅಂತ ನಿಮ್ಮ ಮನೆಯವರನ್ನ ಒಂದ್ಸಲ ಕೇಳಿ ನೋಡಿ.”