ರೇಡಿಯೇಟರಿಗೆ ಬಂದ ಆರು ಲೋಟ

ತಮ್ಮ ಕೇಳಿದ ಆ ಸಂಜೆ ನಾನು ಹೇಳಬೇಕಾಗಿದ್ದ ಮಾತು ದೊಡ್ಡದೇನಲ್ಲ. "ಮೇಸ್ತ್ರಿ ತಗೊಂಡು ಹೋಗಿಲ್ಲ ಕಣೋ, ನಾನೇ ಕೊಟ್ಟುಬಿಟ್ಟೆ" ಅಂದಿದ್ದರೆ ಮುಗಿಯುತ್ತಿತ್ತು. ಅವನು ಕೂಗಾಡುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಆಮೇಲೆ ಸರಿಹೋಗುತ್ತಿದ್ದ. ನಾನು ಹೇಳಲಿಲ್ಲ. ಎಂಟು ವರ್ಷ ಹೇಳಲಿಲ್ಲ. ಅಷ್ಟೂ ವರ್ಷ ಒಬ್ಬ ಒಳ್ಳೆಯ ಮನುಷ್ಯ ನಮ್ಮ ಮನೆಯ ಮಾತಿನಲ್ಲಿ ಕಳ್ಳನಾಗಿಯೇ ಉಳಿದರು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಪ್ಪಳ ಸಂಡಿಗೆ ಮಾಡಿ ಮನೆಮನೆಗೆ ಕೊಡುತ್ತಿದ್ದಳು. ಹಿಟ್ಟು ಕಲೆಸಲು ಕೈ ಬೇಕಿತ್ತು, ನನ್ನನ್ನು ಸ್ಕೂಲು ಬಿಡಿಸಿದಳು. ತಮ್ಮ ಓದಿದ. ಬೊಮ್ಮನಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬನಶಂಕರಿಯಲ್ಲಿ ನಮ್ಮ ಬಾಡಿಗೆ ಮನೆ, ಪಕ್ಕದಲ್ಲಿ ಖಾಲಿ ಸೈಟು, ಅದರಾಚೆ ಇನ್ನೂ ರಾಗಿ ಹೊಲ.

ಕಾರು ಬಂದದ್ದು ತ್ಯಾಗರಾಜನಗರದ ಒಬ್ಬ ವಯಸ್ಸಾದ ಡಾಕ್ಟರ ಮನೆಯಿಂದ. ಇಂಗ್ಲೆಂಡಿನಲ್ಲಿ ಮಾಡಿದ್ದು, ಆಮೆಯ ಬೆನ್ನಿನ ಹಾಗೆ ಗುಂಡಗಿತ್ತು. ಹತ್ತು ವರ್ಷದಿಂದ ಶೆಡ್ಡಿನಲ್ಲಿ ಕೂತಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತ್ತು. "ಶೆಡ್ಡು ಖಾಲಿ ಮಾಡಿಕೊಡಪ್ಪ, ಗಾಡಿ ನೀನೇ ಇಟ್ಕೋ" ಅಂದರಂತೆ ಡಾಕ್ಟರು. ತಮ್ಮನೂ ಅವನ ಮೂವರು ಗೆಳೆಯರೂ ಅದನ್ನು ಅಲ್ಲಿಂದ ನಮ್ಮ ಮನೆಯವರೆಗೆ ತಳ್ಳಿಕೊಂಡೇ ಬಂದು, ಪಕ್ಕದ ಖಾಲಿ ಸೈಟಿನಲ್ಲಿ ಹಿತ್ತಿಲಿಗೆ ತಾಗಿದ ಹಾಗೆ ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು, "ಇದು ಓಡತ್ತೇನೋ?"

"ಓಡತ್ತಮ್ಮ. ಸ್ವಲ್ಪ ಕೆಲಸ ಇದೆ."

"ನಾಲ್ಕು ಜನ ತಳ್ಳಿದ್ರೆ ನಮ್ಮನೆ ರುಬ್ಬೋ ಗುಂಡೂ ಓಡತ್ತೆ" ಅಂದು ಅಮ್ಮ ಒಳಗೆ ಹೋದಳು.

ತಮ್ಮನಿಗೆ ಕಾರಿನ ಕೆಲಸ ಏನೂ ಗೊತ್ತಿರಲಿಲ್ಲ. ಮೊದಲ ಭಾನುವಾರವೇ ಹುರುಪಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದ. ಸಂಜೆಗೆ ಹಿತ್ತಿಲ ಜಗುಲಿಯ ಮೇಲೆ ನಟ್ಟು, ಬೋಲ್ಟು, ಕೊಳವೆಗಳ ರಾಶಿ. ಯಾವುದು ಎಲ್ಲಿಂದ ಬಂತು ಅನ್ನುವುದು ಅವನಿಗೇ ಮರೆತುಹೋಗಿತ್ತು. ಆಗ ಡಾಕ್ಟರು ಒಬ್ಬರನ್ನು ಕಳಿಸಿದರು. ಅವರ ಮನೆ ಹಿಂದಿನ ರಸ್ತೆಯಲ್ಲಿ ಚಿಕ್ಕ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿ. ಐವತ್ತು ದಾಟಿದವರು, ಆ ಕಾರು ಓಡುತ್ತಿದ್ದ ಕಾಲದಲ್ಲಿ ಅದನ್ನು ನೋಡಿಕೊಂಡಿದ್ದವರು. ರಾಶಿ ನೋಡಿ ನಕ್ಕರು. "ಬಿಚ್ಚೋಕೆ ಸ್ಪ್ಯಾನರ್ ಸಾಕು ಸಾರ್. ಕೂಡ್ಸೋಕೆ ಮಾತ್ರ ತಲೆ ಬೇಕಾಗತ್ತೆ."

ಆವತ್ತಿನಿಂದ ಭಾನುವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದರು. ಕೂಲಿ ಕೇಳಲಿಲ್ಲ. ತಿಂಡಿ, ಎರಡು ಸಲ ಕಾಫಿ, ಅಷ್ಟೇ. "ಈ ಗಾಡಿ ಇನ್ನೊಂದ್ಸಲ ರೋಡ್ ಮೇಲೆ ನೋಡ್ಬೇಕು ಅಂತ ನನಗೂ ಆಸೆ ತಾಯಿ" ಅಂತ ನನ್ನ ಹತ್ತಿರ ಹೇಳಿದ್ದರು.

ಸಾಮಾನು ಕಲೆಸಿಹೋಗದ ಹಾಗೆ ಇಡುವ ದಾರಿ ಹೇಳಿದವಳು ನಾನು. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವವಳಿಗೆ ಅದೇ ತಾನೇ ತೋಚುವುದು? ಜಗುಲಿಯ ಸಿಮೆಂಟು ನೆಲವನ್ನು ತೊಳೆದೆ. ಅವರು ಒಂದೊಂದು ಭಾಗ ಬಿಚ್ಚಿ ಕೊಟ್ಟ ಹಾಗೆ ಸೀಮೆಎಣ್ಣೆಯಲ್ಲಿ ಉಜ್ಜಿ, ಸಾಲಾಗಿ ಇಟ್ಟು, ಅದರ ಸುತ್ತ ರಂಗೋಲಿ ಪುಡಿಯಲ್ಲಿ ಎಳೆ ಎಳೆದೆ. ಪಕ್ಕದಲ್ಲಿ ಚುಕ್ಕಿ. ಮೊದಲು ಬಿಚ್ಚಿದ್ದಕ್ಕೆ ಒಂದು ಚುಕ್ಕಿ, ಆಮೇಲಿನದಕ್ಕೆ ಎರಡು. ಯಾವುದನ್ನಾದರೂ ಕೈಗೆತ್ತಿಕೊಂಡರೂ ಅದರ ಆಕಾರ ನೆಲದ ಮೇಲೆ ಹಾಗೇ ಇರುತ್ತಿತ್ತು. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಮೂವತ್ತು ವರ್ಷ ಗ್ಯಾರೇಜಲ್ಲಿ ಸತ್ತೆ, ಈ ಬುದ್ಧಿ ಬರ್ಲಿಲ್ಲ ನನಗೆ. ಸಾರ್, ಈ ತಾಯಿ ಇಲ್ದಿದ್ರೆ ನಿಮ್ ಗಾಡಿ ಗುಜರಿ!"

ತಮ್ಮ ಅಂದ, "ರೆಡಿಯಾದ ದಿನ ಬನಶಂಕರಮ್ಮನ ಗುಡೀಲಿ ಪೂಜೆ. ಮುಂದಿನ ಸೀಟಲ್ಲಿ ನೀನೇ ಅಕ್ಕ."

ಅದುವರೆಗೆ ಯಾರೂ ನನ್ನನ್ನು ಮುಂದೆ ಕೂರಿಸುತ್ತೇನೆ ಅಂದಿರಲಿಲ್ಲ. ಅದಕ್ಕೇ ಆಮೇಲೆ ಮಾಡಿದ್ದನ್ನು ಆ ಗಾಡಿಯ ಬೆಲೆ ಅರಿಯದೆ ಮಾಡಿದೆ ಅಂತ ನಾನು ಹೇಳುವ ಹಾಗಿಲ್ಲ.

ರೇಡಿಯೇಟರ್ ಅಂದರೆ ಇಂಜಿನ್ನು ಕಾಯದಂತೆ ನೀರು ತುಂಬಿಸುವ ಡಬ್ಬಿ. ಆ ಕಾರಿನದು ಹಿತ್ತಾಳೆ, ತಾಮ್ರದ್ದು, ಎರಡೂ ಕೈಯಲ್ಲಿ ಎತ್ತಬೇಕು. ಮೂರು ಕಡೆ ಸೋರುತ್ತಿತ್ತು. "ಗ್ಯಾರೇಜಿಗೆ ಕೊಡಿ, ಬೆಸುಗೆ ಹಾಕಿ ತರ್ತೀನಿ. ಹುಷಾರು, ಇದು ಹೋದ್ರೆ ಇನ್ನೊಂದು ಸಿಗಲ್ಲ" ಅಂದರು ಮೇಸ್ತ್ರಿ. ತಮ್ಮ ಒಪ್ಪಲಿಲ್ಲ. ಬೆಸುಗೆ ಹಾಕುವುದನ್ನು ಕಲಿಯಬೇಕು, ಇಲ್ಲೇ ಹಾಕಿ ಅಂದ. ಏಳು ಚುಕ್ಕಿಯ ಪಕ್ಕ ಅದು ಕೂತಿತು.

ಆ ವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗೆ ಇಪ್ಪತ್ತಾರು. ಅದಕ್ಕೆ ಮುಂಚೆ ಎರಡು ಸಲ ನೋಡಿ ಹೋದವರು ತಿರುಗಿ ಹೇಳಿಕಳಿಸಿರಲಿಲ್ಲ. ಆಗ ಎಲ್ಲರ ಮನೆಗೂ ಸ್ಟೀಲ್ ಪಾತ್ರೆ ಬರುತ್ತಿದ್ದ ಕಾಲ. ನಮ್ಮಲ್ಲಿ ಇದ್ದದ್ದು ಕಲಾಯಿ ಹೋದ ಹಿತ್ತಾಳೆ ಲೋಟಗಳು. ಅವು ಅಮ್ಮನ ತವರಿನವು, ಮಾರಲು ಬಿಡುತ್ತಿರಲಿಲ್ಲ. ಎದುರು ಮನೆಯಾಕೆ ಕೇಳಿಯೇಬಿಟ್ಟಳು, "ಅಯ್ಯೋ, ಬಂದೋರಿಗೆ ಇದರಲ್ಲೇ ಕಾಫಿ ಕೊಡ್ತೀರೇನೇ? ಲೋಟ ನೋಡೇ ಎದ್ದು ಹೋಗ್ತಾರೆ!"

ಬುಧವಾರ ಬೆಳಿಗ್ಗೆ ಅಮ್ಮ ಹಪ್ಪಳ ಕೊಡಲು ಜಯನಗರಕ್ಕೆ ಹೋಗಿದ್ದಳು. ಹಿಂದಿನ ವಾರ ಮರೆತುಹೋಗಿದ್ದ ಸ್ಪ್ಯಾನರುಗಳ ದೊಡ್ಡ ಚೀಲ ತೆಗೆದುಕೊಂಡು ಹೋಗಲು ಮೇಸ್ತ್ರಿ ಬಂದರು, ನೀರು ಕುಡಿದು ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಪಾತ್ರೆಯವಳ ಕೂಗು: "ಹಳೇ ಹಿತ್ತಾಳೆ, ಹಳೇ ತಾಮ್ರ, ಹಳೇ ಬಟ್ಟೇಗೆ ಸ್ಟೀಲ್ ಪಾತ್ರೇಯ್!" ಅಮ್ಮನ ಹಳೇ ಸೀರೆ ತೋರಿಸಿದೆ. ಅದಕ್ಕೆ ಅವಳು ಎರಡು ಚಮಚ ಎತ್ತಿ ತೋರಿಸಿದಳು. ಅವಳ ಬುಟ್ಟಿಯಲ್ಲಿ ಲೋಟಗಳು ಮುಖ ಕಾಣುವ ಹಾಗೆ ಹೊಳೆಯುತ್ತಿದ್ದವು. "ಹಿತ್ತಾಳೆ ಏನಾದ್ರೂ ಇದ್ರೆ ತಾರಕ್ಕ, ಆರು ಕೊಡ್ತೀನಿ" ಅಂದಳು.

ಸೋರುತ್ತದಲ್ಲ, ಮುರಿದದ್ದೇ ತಾನೇ, ಅಂತ ನನಗೆ ನಾನೇ ಹೇಳಿಕೊಂಡೆ. ಅದರ ಸುತ್ತ ಎಳೆ ಎಳೆದ ಕೈಯಲ್ಲೇ ಅದನ್ನು ಎತ್ತಿದೆ. ಅವಳು ತಕ್ಕಡಿಗೆ ಹಾಕಿ, ಗೋಣಿಯಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಹೋದಳು. ಒಳಗೆ ಬಂದು ನೋಡಿದರೆ ನೆಲದ ಮೇಲೆ ಅದರ ಆಕಾರ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ತಡೆಯಲಾಗಲಿಲ್ಲ. ಒದ್ದೆ ಬಟ್ಟೆ ತಂದು ಒರೆಸಿಬಿಟ್ಟೆ, ಚುಕ್ಕಿಗಳ ಸಮೇತ. ಅಮ್ಮ ಬಂದಾಗ ಹಳೇ ಸೀರೆಗೆ ಲೋಟ ಬಂತು ಅಂದೆ. ಸೀರೆಯನ್ನು ಟ್ರಂಕಿನ ತಳಕ್ಕೆ ಸೇರಿಸಿದೆ.

ಸಂಜೆ ತಮ್ಮ ಕೆಲಸದಿಂದ ಬಂದವನು ಹಿತ್ತಿಲಿಗೆ ಹೋದ. ಅಲ್ಲಿಂದಲೇ ಕೂಗಿದ. "ಅಕ್ಕ, ರೇಡಿಯೇಟರ್ ಎಲ್ಲಿ?"

"ಅಲ್ಲೇ ಇತ್ತಲ್ಲ."

"ಇವತ್ತು ಮೇಸ್ತ್ರಿ ಬಂದಿದ್ರಾ?"

"ಬಂದಿದ್ರು."

"ಹೋಗ್ತಾ ಕೈಲಿ ಏನಾದ್ರೂ ಇತ್ತಾ?"

"ಚೀಲ ಇತ್ತು."

ಕಡೆಯ ಎರಡು ಮಾತೂ ನಿಜವೇ. ಆ ನಿಜಗಳಲ್ಲೇ ನಾನು ಆ ಮನುಷ್ಯನ ಕತ್ತು ಕೊಯ್ದೆ. ತಮ್ಮ ಗೋಡೆಗೆ ಒರಗಿ ಕೂತ. "ಗ್ಯಾರೇಜಿಗೆ ಕೊಡಿ ಕೊಡಿ ಅಂದಾಗ್ಲೇ ಗೊತ್ತಾಗ್ಬೇಕಿತ್ತು ನನಗೆ. ನಮ್ಮನೇಲಿ ಉಂಡು..." ಅಂದ. ಅಪ್ಪ ಹೋದ ಮೇಲೆ ಅವನು ಯಾರನ್ನಾದರೂ ನಂಬಿ ಹಿಂದೆ ಹಿಂದೆ ತಿರುಗಿದ್ದರೆ ಅದು ಆ ಮೇಸ್ತ್ರಿಯನ್ನು.

ಶನಿವಾರ ಬಂದವರು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದರು. ಪೇಪರು ಕೊಟ್ಟು ಓದು ಅಂದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸಾಕಮ್ಮ ಅಂದರು. ತಿರುಗಿ ಹೇಳಿಕಳಿಸಲಿಲ್ಲ.

ಭಾನುವಾರ ಮೇಸ್ತ್ರಿ ಬೆಸುಗೆಯ ಸಾಮಾನು ಹಿಡಿದುಕೊಂಡು ಬಂದರು. ತಮ್ಮ ಹಿತ್ತಿಲಲ್ಲಿ ಕಾದು ನಿಂತಿದ್ದ. "ಎಷ್ಟಕ್ಕೆ ಮಾರಿದ್ರಿ ಮೇಸ್ತ್ರಿ?"

"ಏನ್ ಸಾರ್?"

"ನಾಟಕ ಬೇಡ. ನಾನಿಲ್ದಾಗ ಬಂದು ತಗೊಂಡು ಹೋದ್ರಲ್ಲ, ರೇಡಿಯೇಟರ್ ಕೇಳ್ತಿದೀನಿ."

ನಾನು ರೂಢಿಯಂತೆ ಅವರಿಗೆ ಕಾಫಿ ತಂದಿದ್ದೆ, ಹೊಸ ಲೋಟದಲ್ಲಿ. ಮೇಸ್ತ್ರಿ ನೆಲ ನೋಡಿದರು. ಉಳಿದ ಆಕಾರಗಳೆಲ್ಲ ಬೆಳ್ಳಗೆ ಹಾಗೇ ಇದ್ದವು. ಏಳನೆಯ ಜಾಗ ಮಾತ್ರ ಒರೆಸಿ ಸ್ವಚ್ಛವಾಗಿತ್ತು. ಬಗ್ಗಿ ಬೆರಳಿನಿಂದ ಮುಟ್ಟಿದರು. "ಕಳ್ಳ ನೆಲ ಬೇರೆ ಒರೆಸಿಟ್ಟು ಹೋಗಿದಾನೆ ಸಾರ್" ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಲೋಟ ನೋಡಿದರು. ಆಮೇಲೆ ನನ್ನ ಮುಖ.

ಅವರಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. ನಾನು ಬಾಯಿ ಬಿಡಲೆಂದು ಕಾದರೋ ಏನೋ, ಸ್ವಲ್ಪ ಹೊತ್ತು ಹಾಗೇ ನಿಂತರು. ನಾನು ತಲೆ ತಗ್ಗಿಸಿದೆ. ಅವರು ಕಾಫಿ ಮುಟ್ಟದೆ, ತಂದಿದ್ದ ಚೀಲ ಎತ್ತಿಕೊಂಡು, "ಆಯ್ತು ಸಾರ್, ಬರ್ತೀನಿ" ಅಂದು ಹೊರಟುಹೋದರು. ಮದುವೆಯಾಗದ ಹೆಣ್ಣುಮಗಳ ಮರ್ಯಾದೆ ಅಂದುಕೊಂಡು ಸುಮ್ಮನಾದರೇನೋ. ನನಗಾಗಿ ಅವರು ಹೊತ್ತದ್ದನ್ನು ನಾನು ಇಳಿಸಿಕೊಳ್ಳಲಿಲ್ಲ.

ಕಾರಿನ ಕೆಲಸ ಅಲ್ಲಿಗೇ ನಿಂತಿತು. ತಮ್ಮನೊಬ್ಬನಿಗೆ ಕೂಡಿಸಲು ಬರುತ್ತಿರಲಿಲ್ಲ, ಇನ್ನೊಬ್ಬ ಮೇಸ್ತ್ರಿಯನ್ನು ಮನೆಗೆ ಸೇರಿಸಲು ಮನಸ್ಸಿರಲಿಲ್ಲ. ಹಿತ್ತಿಲ ಬಾಗಿಲಿಗೆ ಬೀಗ ಬಂತು. ನಲ್ಲಿ ರಿಪೇರಿಗೆ ಬಂದವನ ಹಿಂದೆಯೂ ನಿಂತು ಕಾಯುವವನಾದ. ಯಾರ ಮಾತು ಬಂದರೂ "ಎಲ್ಲಾ ಆ ಮೇಸ್ತ್ರಿ ಥರಾನೇ" ಅನ್ನುತ್ತಿದ್ದ. ನಾನು ಮದುವೆಯಾಗಿ ಗಿರಿನಗರಕ್ಕೆ ಹೋದೆ. ತವರಿಗೆ ಬಂದಾಗಲೆಲ್ಲ ತಮ್ಮ ಅದೇ ಲೋಟದಲ್ಲಿ ಕಾಫಿ ಕುಡಿಯುವುದನ್ನು ನೋಡುತ್ತಿದ್ದೆ.

ಎಂಟು ವರ್ಷದ ಮೇಲೆ ಪಕ್ಕದ ಸೈಟಿನವರು ಮನೆ ಕಟ್ಟಲು ಬಂದರು. ಕಾರಿನ ಚಿಪ್ಪನ್ನು ಗುಜರಿಯವರು ಎರಡು ತುಂಡು ಮಾಡಿ ಗಾಡಿಗೆ ಹೇರಿದರು. ತಮ್ಮ ನೋಡುತ್ತ ನಿಂತಿದ್ದ. ಕಡೆಗೆ, ತವರಿಗೆ ಬಂದಿದ್ದ ನನ್ನ ಕಡೆ ತಿರುಗಿ ಅಂದ, "ನೀನು ಅಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದೆ ಅಕ್ಕ. ಆ ಮನುಷ್ಯ ನಿನಗೂ ಮೋಸ ಮಾಡಿದ."

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. "ಸ್ಕೂಟರ್ ತೆಗಿ, ತ್ಯಾಗರಾಜನಗರಕ್ಕೆ ಹೋಗ್ಬೇಕು" ಅಂದೆ. ಯಾಕೆ ಅಂತ ಅವನು ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದೆ. ಗ್ಯಾರೇಜಿನ ಮುಂದೆ ನಿಲ್ಲಿಸು ಅಂದಾಗ ಅವನ ಮುಖ ಗಂಟಾಯಿತು. ಇಂಜಿನ್ ಆರಿಸದೆ ರಸ್ತೆಯಲ್ಲೇ ಕೂತ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಏನೋ ಉಜ್ಜುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

ಅವರು ಕಿವಿಗೆ ಕೈ ಇಟ್ಟುಕೊಂಡರು. "ಜೋರಾಗಿ ಹೇಳು ತಾಯಿ. ತಗಡು ಬಡಿದು ಬಡಿದು ಕಿವಿ ಹೋಗಿದೆ."

ತಮ್ಮನಿಗೆ ಕೇಳಿಸದ ಹಾಗೆ ಹೇಳಿ ಮುಗಿಸಬೇಕು ಅಂತ ಆಗಲೂ ಒಳಗೆಲ್ಲೋ ಇತ್ತು. ಇನ್ನು ಹಾಗಾಗುವಂತಿರಲಿಲ್ಲ. ಉಸಿರು ಎಳೆದುಕೊಂಡು ಕೂಗಿಯೇ ಹೇಳಿದೆ. ಹಿಂದೆ ಸ್ಕೂಟರಿನ ಸದ್ದು ನಿಂತದ್ದು ಕೇಳಿಸಿತು.

"ರೇಡಿಯೇಟರ್ ಪಾತ್ರೆಯವಳಿಗೆ ಕೊಟ್ಟಿದ್ದು ನಾನು ಮೇಸ್ತ್ರಿ. ನೆಲ ಒರೆಸಿದ್ದೂ ನಾನೇ. ಕಳ್ಳಿ ನಾನು, ಕಳ್ಳ ಅನ್ನಿಸಿಕೊಂಡಿದ್ದು ನೀವು. ತಪ್ಪಾಯ್ತು. ನಿಮಗೂ ತಪ್ಪಾಯ್ತು, ನನ್ನ ತಮ್ಮನಿಗೂ ತಪ್ಪಾಯ್ತು."