ಬಾವಿಯೊಳಗೆ ಏರಿಳಿದ ತಂಪು

ತೊಂಬತ್ತರ ದಶಕದ ಒಂದು ಬೇಸಿಗೆ. ಪಿಯುಸಿ ಪರೀಕ್ಷೆ ಬರೆದು ಇಲ್ಲದ ಮೀಸೆ ತಿರುವುತ್ತಿದ್ದ ನಾನು, ಹಿರೇಗುಂಟನೂರಿನ ಸೋದರಮಾವನ ಬಾವಿಯಲ್ಲಿ ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ತೇಲುತ್ತಿದ್ದೆ. ಊರಿನ ಯಾರ ದನಿಯನ್ನಾದರೂ ಅಣಕಿಸುವ ಬಾಯಿ ನನ್ನದು. ಕೈಕಾಲಿಗೆ ಆ ಚುರುಕಿರಲಿಲ್ಲ.

ಮಾವ ಷರತ್ತು ಹಾಕಿದ. "ಲೇ ಅಳಿಯ, ಕ್ಯಾನು ಬಿಚ್ಚಿ ಆಚೆ ಗೋಡೆ ಮುಟ್ಟು. ಮುಟ್ಟಿದ್ರೆ ನಾಳೆ ನಮ್ಜೊತೆ ಮಾರಿಕಣಿವೆ ಡ್ಯಾಮಿಗೆ. ಇಲ್ದಿದ್ರೆ ಅಜ್ಜಿ ಜೊತೆ ಕುಂತು ಬಿತ್ತನೆ ಶೇಂಗಾ ಸುಲಿ."

ಹೇಳಿದವನೇ ದಂಡೆಯಿಂದ ಹಾರಿದ. ಮಾವನ ಹೊಟ್ಟೆ ಬಿದ್ದರೆ ಬಾವಿಗೆ ಸಣ್ಣ ಪ್ರಳಯ. ನೀರು ಮೆಟ್ಟಿಲಿಗೆ ಬಡಿಯಿತು, ಕುಣಿಯಿತು, ಸುಮ್ಮನಾಯಿತು. ನಾನು ಕ್ಯಾನು ಬಿಚ್ಚಿ ಮೆಟ್ಟಿಲ ಕಲ್ಲಿಗೆ ಜೋತುಬಿದ್ದೆ. ಮೇಲೆ ನೀರು ಕನ್ನಡಿಯಂತಿತ್ತು. ಪಾದದಲ್ಲಿದ್ದ ತಂಪು ಮಾತ್ರ ನಿಧಾನವಾಗಿ ಮೊಣಕಾಲಿಗೆ ಏರಿತು. ಇಳಿಯಿತು. ಮತ್ತೆ ಏರಿತು.

"ಮಾವ, ಕೆಳಗೆ ಏನೋ ಐತೆ!"

"ನಿನ್ ಪುಕ್ಕಲುತನ ಐತೆ."

ಇಸ್ತ್ರಿ ಪಂಚೆ ನೆನೆಯದಷ್ಟು ಎತ್ತರದ ಮೆಟ್ಟಿಲ ಮೇಲೆ, ಚಿತ್ರದುರ್ಗದಲ್ಲಿ ಭೌತಶಾಸ್ತ್ರ ಕಲಿಸುವ ನಮ್ಮ ಭಾವ ಕುಳಿತಿದ್ದರು. ಗಂಟಲು ಸರಿಮಾಡಿಕೊಂಡರು.

"ನೋಡಪ್ಪ, ಮೇಲಿನ ನೀರು ಬಿಸಿಲಿಗೆ ಕಾದು ಹಗುರಾಗೈತೆ. ಕೆಳಗಿಂದು ತಣ್ಣಗೆ, ಭಾರ. ಎರಡೂ ಬೆರೀದೆ ಪದರ ಪದರವಾಗಿ ನಿಂತಾವೆ. ಮಾವ ಬಿದ್ದ ಏಟಿಗೆ ತಣ್ಣೀರು ಒಂದ್ಕಡೆ ಮೇಲೆದ್ದೈತೆ. ಭಾರಕ್ಕೆ ಇಲ್ಲಿ ಇಳೀತೈತೆ, ಇಳಿದ ರಭಸಕ್ಕೆ ಅಲ್ಲಿ ಏರ್ತೈತೆ. ತೂಕದ ವ್ಯತ್ಯಾಸ ಕಮ್ಮಿ, ಅದಕ್ಕೇ ನಿಧಾನ. ಅಲೆ ಇರೋದು ಒಳಗೆ, ಮೇಲೆ ಕಾಣಲ್ಲ."

ಅದೇ ಗಂಟಲು, ಅದೇ 'ನೋಡಪ್ಪ' ತೆಗೆದು ನಾನು ಬಾವಿಗೇ ಪಾಠ ಒಪ್ಪಿಸಿದೆ. ಮಾವ ನಕ್ಕು ನೀರು ಕುಡಿದ. ಭಾವ ನಗಲಿಲ್ಲ.

ಒಂದು ಉಪಾಯ ಹೊಳೆಯಿತು: ತಂಪು ಇಳಿದಾಗ ಹೊರಟುಬಿಡುವುದು. ಇಳಿಯಿತು, ಹೊರಟೆ. ಇಲ್ಲಿ ಇಳಿದದ್ದು ಅಲ್ಲಿ ಏರುತ್ತದೆ ಎಂಬ ಮಾತನ್ನು ಅಣಕಿಸಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ. ಕಾಲು ಇಳಿಬಿಟ್ಟು ನಾಯಿಯಂತೆ ಬಡಿಯುತ್ತಾ ಹೋದವನಿಗೆ ಗೋಡೆ ಇನ್ನೆರಡು ಮಾರು ಇದ್ದಾಗ ತಂಪು ತೊಡೆ ದಾಟಿ ಹೊಟ್ಟೆ ಹಿಡಿಯಿತು. "ಅಯ್ಯಪ್ಪೋ" ಎಂದು, ಕ್ಯಾನಿಗಿಂತ ಚೆನ್ನಾಗಿ ತೇಲುವ ಮಾವನ ಕೊರಳಿಗೆ ಬಿದ್ದೆ.

ಮರುದಿನ ನನ್ನ ಜಾಗದಲ್ಲಿ ಮಾರಿಕಣಿವೆಗೆ ಹೋದವರು ಭಾವ. ಅಲ್ಲೂ ಅವರ ಪಂಚೆ ಒಣಗಿಯೇ ಇತ್ತಂತೆ.

ನಾನು ಶೇಂಗಾದ ಮುಂದೆ ಕುಳಿತು ಅಜ್ಜಿಗೆ ಭಾವನ ಪಾಠವನ್ನು ಅವರ ದನಿಯಲ್ಲೇ, ಈ ಸಲ ಪೂರ್ತಿ ಹೇಳಿದೆ. ಅಜ್ಜಿ ಕೊನೆತನಕ ಕೇಳಿದಳು.

"ಬಾಯಿ ಭಾವಂದೇ ಆಗ್ಲಪ್ಪ, ಕೈ ನಿಂದಲ್ವಾ? ಸುಲಿ."