ಬೆನ್ನಿಗೆ ಬಿದ್ದ ಕಾಳು

“ಅಮ್ಮಾ, ಮಿಲ್ ಅಜ್ಜಿ ತಿರುಗಿ ತಿರುಗಿ ಯಾರನ್ನ ನೋಡ್ತಾರೆ? ಅಲ್ಲಿ ಯಾರೂ ಇರಲ್ವಲ್ಲ?”

ಸೃಷ್ಟಿ ಇದನ್ನು ಕೇಳಿದ್ದು ತಿಪ್ಪಸಂದ್ರದ ಸಿಗ್ನಲ್ಲಿನಲ್ಲಿ. ಸ್ಕೂಟರಿನ ಮುಂದೆ ನಿಂತಿದ್ದಳು, ಕಾಲ ಬಳಿ ಆಗತಾನೆ ಬೀಸಿದ ಜೋಳದ ಹಿಟ್ಟಿನ ಡಬ್ಬಿ ಇನ್ನೂ ಬೆಚ್ಚಗಿತ್ತು. ಗಿರಾಕಿ ಬಂದರೇನೋ ಅಂತ ನೋಡ್ತಾರೆ ಪುಟ್ಟಿ ಎಂದೆ.

“ಗಿರಾಕಿ ಬರೋದು ಬಾಗಿಲಲ್ಲಿ. ಅಜ್ಜಿ ನೋಡೋದು ಗೋಡೆ ಕಡೆ.”

ಹಸಿರು ದೀಪ ಬಂತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ಉತ್ತರ ಕೊಡುವುದು ತಪ್ಪಿತು ಎಂದು ನನಗೆ ಸಮಾಧಾನವೇ ಆಯಿತು. ಯಾಕೆಂದರೆ ಗಿರಣಿಯ ಆಂಜನಮ್ಮ ಹಾಗೆ ತಿರುಗಿ ನೋಡುವುದನ್ನು ನಾನೂ ನೋಡಿದ್ದೆ. ಮಗುವಿನಷ್ಟು ಸರಿಯಾಗಿ ನೋಡಿರಲಿಲ್ಲ, ಅಷ್ಟೆ.

ನಾವು ಹಾವೇರಿ ಕಡೆಯವರು. ಜೀವನ್ ಬಿಮಾ ನಗರದ ಈ ಬಾಡಿಗೆ ಮನೆಗೆ ಬಂದ ವಾರ ನಮ್ಮ ಯಜಮಾನರು ಸಿದ್ಧಲಿಂಗೇಶ ಇಂಟರ್ನೆಟ್ ಹಾಕುವವರನ್ನು ಹುಡುಕಿದರು, ನಾನು ಹಿಟ್ಟಿನ ಗಿರಣಿ ಹುಡುಕಿದೆ. ಪ್ಯಾಕೆಟ್ಟಿನ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ತಟ್ಟುತ್ತಿದ್ದ ಹಾಗೆ ರೊಟ್ಟಿಯ ಅಂಚು ಒಡೆಯುತ್ತದೆ, ಹೆಂಚಿಗೆ ಹಾಕುವಾಗ ಮಧ್ಯಕ್ಕೇ ಹರಿಯುತ್ತದೆ, ಊಟಕ್ಕೆ ಕೂತವರು ಪಾಪ ಏನೂ ಅನ್ನದೆ ತಿನ್ನುತ್ತಾರೆ. ಆ ಮೌನವೇ ಸಾಕು.

ಹಾಗೆ ಹುಡುಕುತ್ತ ಹೋದಾಗಲೇ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿ ಪರಿಚಯವಾಯಿತು. ಈ ಊರಿನಲ್ಲಿ ನನಗೆ ಹೆಸರು ಹಿಡಿದು ಗೊತ್ತಿರುವವರೆಲ್ಲ ಆ ಗಲ್ಲಿಯ ಅಂಗಡಿಯವರೇ. ಕುಕ್ಕರ್ ರಿಪೇರಿಯ ಮುತ್ತಣ್ಣನ ಹತ್ತಿರ ಗ್ಯಾಸ್ಕೆಟ್ ಕೇಳಿದರೆ, ಯಾವ ಕಂಪನಿ ಕುಕ್ಕರ್ ಎಂದು ಕೇಳಿ, ಹೇಳಿದ ಮೇಲೆ “ಅದನ್ಯಾಕ್ ತಗೊಂಡ್ರಿ” ಎಂದು ಬೈದು, ಆಮೇಲೆ ಕೊಡುತ್ತಾನೆ. ಸೀರೆಗೆ ಫಾಲ್ಸ್ ಹೊಲಿಯುವ ಫಾಯಿಜಾ ನಾಳೆ ಎಂದರೆ ಮುಂದಿನ ವಾರ, ಮುಂದಿನ ವಾರ ಎಂದರೆ ಹಬ್ಬ ಕಳೆದ ಮೇಲೆ. ಇವರೆಲ್ಲ ನನ್ನ ಡೈರಿಯಲ್ಲಿದ್ದಾರೆ. ಬರೆದಿಡದಿದ್ದರೆ ಇರುವುದಿಲ್ಲ ಎನ್ನುವ ಒಂದು ಭಯ ನನಗೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಆ ಗಲ್ಲಿಯಲ್ಲಿ ಒಂದು ಅಂಗಡಿ ಮಾಯವಾಗಿರುತ್ತದೆ. ಹೊಸ ಬೋರ್ಡಿನ ಪಕ್ಕ ಹಳೆಯ ಬೋರ್ಡಿನ ಮೊಳೆಗಳು ಮಾತ್ರ ಗೋಡೆಯಲ್ಲಿ ಉಳಿದಿರುತ್ತವೆ. ಅಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಬರುವುದಿಲ್ಲ.

ಆ ಗಲ್ಲಿಯ ಕೊನೆಯಲ್ಲಿ ಆಂಜನಮ್ಮನ ಗಿರಣಿ. ಅವರು ಅಲ್ಲಿಯ ಮೂಲದವರು. ಈಗ ಬ್ಯಾಂಕು, ಬೇಕರಿ ಇರುವ ಜಾಗದಲ್ಲಿ ಅವರ ಮಾವನ ರಾಗಿ ಹೊಲವಿತ್ತಂತೆ. ಹೊಲ ಹೋಗಿ ಬಡಾವಣೆ ಬಂದ ಮೇಲೆ ಉಳಿದ ತುಂಡು ಜಾಗದಲ್ಲಿ ಅವರ ಗಂಡ ಮುನಿಆಂಜನಪ್ಪ ಈ ಗಿರಣಿ ಹಾಕಿದರು. ಗಂಡ ಹೋಗಿ ವರ್ಷಗಳಾದರೂ ಆಂಜನಮ್ಮ ಒಬ್ಬರೇ ನಡೆಸುತ್ತಿದ್ದರು. ತೆಳ್ಳಗಿನ ಹೆಂಗಸು. ರೆಪ್ಪೆಯ ಮೇಲೂ ಹಿಟ್ಟು ಕೂತು, ನಡೆದು ಬಂದರೆ ಯಾರೋ ಹೊಗೆಯೊಳಗಿಂದ ಬಂದ ಹಾಗೆ ಕಾಣುತ್ತಿದ್ದರು. ನನ್ನ ಹೆಸರು ಅವರಿಗೆ ಬೇಕಾಗಿರಲಿಲ್ಲ. ಒಬ್ಬರು ಗೋಧಿ ಮೇಡಂ, ಒಬ್ಬರು ಖಾರದ ಪುಡಿ ಮಾಮಿ, ನಾನು ಜೋಳದಮ್ಮ.

ಗಿರಣಿ ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಹೆಬ್ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ಉಜ್ಜಿದರೆ ಹಿಟ್ಟು ನುಣ್ಣಗಿರಲಿ ಎಂದು. ಐದೂ ಬೆರಳು ಕೂಡಿಸಿ ಬಿಡಿಸಿದರೆ ತರಿಯಾಗಿರಲಿ ಎಂದು. ಅಂಗೈ ಒಡ್ಡಿದರೆ ತಡಿ ಎಂದು. ಬೆನ್ನು ಮಾಡಿ ನಿಂತವರನ್ನು ಕರೆಯಬೇಕಾದರೆ ನಾಲ್ಕು ಕಾಳು ತೆಗೆದು ಅವರ ಬೆನ್ನಿಗೆ ಎಸೆಯಬೇಕು. ಮೊದಲ ಸಲ ಯಾರೋ ನನ್ನ ಬೆನ್ನಿಗೆ ಗೋಧಿ ಎಸೆದಾಗ ನಾನು ಜಗಳಕ್ಕೇ ತಿರುಗಿದ್ದೆ. ನೋಡಿದರೆ ಒಬ್ಬರು ವಯಸ್ಸಾದ ಹೆಂಗಸು, ನನ್ನ ಡಬ್ಬಿ ತುಂಬಿ ಹಿಟ್ಟು ನೆಲಕ್ಕೆ ಹೋಗುತ್ತಿದೆ ಎಂದು ತೋರಿಸುತ್ತಿದ್ದರು.

ಸೃಷ್ಟಿಗೆ ಈ ಕೈಭಾಷೆ ತುಂಬ ಇಷ್ಟ. ಮನೆಯಲ್ಲಿ ಹಾಲು ಕುಡಿ ಎಂದರೆ ತಿರುಗದೆ ಹಿಂದಕ್ಕೆ ಅಂಗೈ ತೋರಿಸುತ್ತಿದ್ದಳು. ಒಮ್ಮೆ ಗಿರಣಿಯಲ್ಲೂ ಹಾಗೆಯೇ ಮಾಡಿದಳು. ಬೆಲ್ಲದ ಚೂರು ಕೊಡಲೆಂದು ಆಂಜನಮ್ಮ ಅವಳ ಬೆನ್ನಿಗೆ ಎರಡು ಕಾಳು ಎಸೆದರು. ಇವಳು ಡಬ್ಬಿಯ ಮುಚ್ಚಳದ ಜೊತೆ ಆಡುತ್ತಿದ್ದವಳು ತಲೆ ಎತ್ತದೆ ಅಂಗೈ ಒಡ್ಡಿದಳು. ಆಂಜನಮ್ಮ ಬೀಸುವುದನ್ನು ಬಿಟ್ಟು ಬಂದು, ಮಗುವಿನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದರು. ಕಿವಿಯ ಹತ್ತಿರ ಬಾಗಿ, “ಅದೊಂದ್ ಮಾಡ್ಬೇಡ ಪುಟ್ಟಿ. ಕರೆದ್ರೆ ತಿರುಗ್ಬೇಕು” ಎಂದರು. ಮಗುವಿಗೆ ಒಳ್ಳೆಯ ನಡತೆ ಹೇಳಿಕೊಟ್ಟರು ಎಂದುಕೊಂಡು ನಾನು ಖುಷಿಪಟ್ಟೆ.

ಸಿಗ್ನಲ್ಲಿನ ಆ ಪ್ರಶ್ನೆಯ ನಂತರ ನಾನೂ ಗಮನಿಸತೊಡಗಿದೆ. ಯಂತ್ರ ಓಡುತ್ತಿದ್ದ ಹಾಗೆ ಆಂಜನಮ್ಮನ ಬೆನ್ನು ಸಣ್ಣಗೆ ಬೆಚ್ಚುತ್ತಿತ್ತು. ಕೂಡಲೇ ತಿರುಗುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಸದ್ದಿನಲ್ಲಿ ಕೇಳಿಸದಿದ್ದರೂ ಆ ಮಾತು ‘ಬಂದೆ’ ಎಂದು ತುಟಿಯಿಂದಲೇ ಗೊತ್ತಾಗುತ್ತಿತ್ತು. ಅವರು ತಿರುಗುತ್ತಿದ್ದ ಗೋಡೆಯ ಬಳಿ ಒಂದು ಮರದ ಸ್ಟೂಲ್ ಇತ್ತು. ಗಿರಣಿಯಲ್ಲಿ ಎಷ್ಟೇ ಜನವಿದ್ದರೂ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಡಬ್ಬಿಯನ್ನೂ ಇಡುತ್ತಿರಲಿಲ್ಲ.

ಗಿರಣಿ ಮುಚ್ಚುತ್ತದೆ ಎಂದು ಹೇಳಿದವನು ಅವರ ಮಗ ಕೆಂಪರಾಜ್. ಕೆ.ಆರ್. ಪುರದಲ್ಲಿ ಮನೆ ಕಟ್ಟಿಸಿದ್ದಾನೆ, ಅಮ್ಮನಿಗೆಂದು ಕೆಳಗಿನ ಕೋಣೆಯನ್ನೇ ಮಾಡಿಸಿದ್ದಾನೆ. ಆಂಜನಮ್ಮನ ಮಂಡಿ ಸೋತಿದೆ, ಹಿಟ್ಟಿನ ಧೂಳಿಗೆ ಕೆಮ್ಮು ಬಿಡುತ್ತಿಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

“ಯಾರಿಗೆ ಕೊಡ್ತೀರಿ ಜಾಗಾನ?” ಎಂದೆ.

ಅವನು ಸ್ವಲ್ಪ ನಾಚಿಕೊಂಡ. ಆಂಜನಮ್ಮನೇ ಉತ್ತರ ಕೊಟ್ಟರು. “ನಾಯಿಗೆ ಸ್ನಾನ ಮಾಡ್ಸೋ ಅಂಗಡಿಯಂತೆ. ಗಾಜಿನ ಬಾಗ್ಲು, ಏಸಿ. ಇವ್ರಪ್ಪಂಗೆ ನಾಯಿ ಕಂಡ್ರೆ ಆಗ್ತಿರ್ಲಿಲ್ಲ. ಈಗ ನೋಡು, ಅವ್ರ ಗಿರಣಿಲೇ ಶಾಂಪೂ.”

“ಅಮ್ಮಾ, ಸುಮ್ನಿರು.”

“ನಾನೇನ್ ಬೇಡ ಅಂದ್ನಾ? ನಿನಗೇನ್ ನಾನು ಸ್ನಾನ ಮಾಡ್ಸಿಲ್ವಾ, ಅದೂ ಬಿಟ್ಟಿ.”

ಎಲ್ಲರೂ ನಕ್ಕೆವು. ನಗು ಮುಗಿಯುವ ಮೊದಲೇ ಅವರು ತಿರುಗಿ ಸ್ಟೂಲನ್ನು ನೋಡಿದರು.

ಮುಂದಿನ ಸಲ ನಾನು ಹೋದಾಗ ಅರ್ಧ ಬೀಸಿರುವಾಗಲೇ ಕರೆಂಟ್ ಹೋಯಿತು. ಯಂತ್ರದ ಪಟ್ಟಿ ನಿಧಾನವಾಗಿ ತಿರುಗಿ ನಿಂತಿತು. ಇದ್ದ ಒಬ್ಬಿಬ್ಬರು ಡಬ್ಬಿ ಬಿಟ್ಟು, ಆಮೇಲೆ ಬರುತ್ತೇವೆ ಎಂದು ಹೋದರು. ಮಗುವಿಗೆ ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಆ ಮೌನದಲ್ಲಿ ಗಿರಣಿ ಬೇರೆ ಯಾವುದೋ ಜಾಗದ ಹಾಗಿತ್ತು. ಜಂತೆಯಿಂದ ಬಿಳಿಯ ಜೇಡರ ಬಲೆಗಳು ದಪ್ಪ ದಾರದಂತೆ ತೂಗುತ್ತಿದ್ದವು. ಎಲ್ಲ ಕಡೆ ಬೆರಳು ದಪ್ಪ ಧೂಳು, ಸ್ಟೂಲ್ ಮಾತ್ರ ಒರೆಸಿದ ಹಾಗೆ ಸ್ವಚ್ಛ.

ನಾನು ಕೇಳಿಯೇ ಬಿಟ್ಟೆ. “ಅಜ್ಜಿ, ಸೃಷ್ಟಿ ಕೇಳ್ತಿದ್ಲು. ನೀವು ಯಾರಿಗೆ ಬಂದೆ ಅಂತೀರಿ?”

ಅವರಿಗೆ ಆಶ್ಚರ್ಯವಾಗಲಿಲ್ಲ. ಬಹುಶಃ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರೇನೋ. ಮೂಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು.

“ನಮ್ಮೋರು ಅಲ್ಲೇ ಕೂತ್ಕೋತಿದ್ರು. ಮೂಟೆ ಎಲ್ಲ ಅವ್ರು ಇಳಿಸೋದು, ಬೀಸೋದು ನಾನು. ಕಾಫಿ ಬೇಕಂದ್ರೆ ಬೆನ್ನಿಗೆ ಕಾಳು. ಯಾರೋ ಬಂದ್ರು ಅಂದ್ರೆ ಕಾಳು. ಏನೂ ಇಲ್ದಿದ್ರೂ ಕಾಳು. ತಿರುಗಿದ್ರೆ ಎಲ್ಲೋ ನೋಡ್ಕೊಂಡು ಕೂತಿರೋರು, ತಾನಲ್ಲ ಅನ್ನೋ ಥರ. ಮದ್ವೆ ಆಗಿ ಮಕ್ಕಳಾದ್ರೂ ಆ ಚೇಷ್ಟೆ ಹೋಗ್ಲಿಲ್ಲ ಕಣಮ್ಮ.”

“ಆ ದಿನ ಸಂಕ್ರಾಂತಿ ಹಿಂದಿನ ದಿನ. ಡಬ್ಬಿಗಳ ಸಾಲು ರಸ್ತೇಲಿ. ಬೆಳಗ್ಗೆಯಿಂದ ಒಂದೇ ಸಮ ಚೇಷ್ಟೆ ಮಾಡ್ತಿದ್ರು. ಮಧ್ಯಾಹ್ನ ಮತ್ತೆ ಬೆನ್ನಿಗೆ ಕಾಳು ಬಿತ್ತು. ನಂಗೆ ಕೋಪ. ತಿರುಗ್ಲಿಲ್ಲ, ಹಿಂದಕ್ಕೆ ಕೈ ತೋರಿಸ್ದೆ, ತಡಿ ಅಂತ. ಇನ್ನೊಂದ್ಸಲ ಬಿತ್ತು. ಮೆತ್ತಗೆ, ಎಸೆದಂಗಲ್ಲ, ಚೆಲ್ಲಿದಂಗೆ. ಆಗ್ಲೂ ಕೈ ತೋರಿಸ್ದೆ. ಆಮೇಲೆ ಬೀಳ್ಲಿಲ್ಲ. ಸದ್ಯ ಸುಮ್ನಾದ್ರು ಅನ್ಕೊಂಡೆ.”

ಹೊರಗೆ ಮುತ್ತಣ್ಣ ಯಾವುದೋ ಕುಕ್ಕರನ್ನು ಕುಟ್ಟುತ್ತಿದ್ದ. ಆ ಸದ್ದು ನಿಂತ ಮೇಲೆ ಅವರು ಮುಂದುವರಿಸಿದರು.

“ಮೂಟೆ ಮುಗೀತು, ಮೋಟರ್ ಆಫ್ ಮಾಡಿ ತಿರುಗಿದೆ. ಗೋಡೆಗೆ ಒರಗಿ ಕೂತಿದ್ರು. ಕಣ್ಣು ನನ್ ಕಡೆನೇ ಇತ್ತು. ಎದೆ ಹಿಡ್ಕೊಂಡಿತ್ತಂತೆ, ಡಾಕ್ಟ್ರು ಆಮೇಲೆ ಹೇಳಿದ್ದು. ಮುಷ್ಟಿ ಬಿಡಿಸಿದ್ರೆ ಒಳಗೆ ಇನ್ನೂ ಒಂದಿಷ್ಟು ಜೋಳ.”

ಆ ಸದ್ದಿನಲ್ಲಿ ಯಾರಿಗೆ ಗೊತ್ತಾಗುತ್ತಿತ್ತು ಎಂದೆ. ಹೌದು ಎಂಬಂತೆ ತಲೆಯಾಡಿಸಿದರು. ಈ ಮಾತನ್ನು ಅವರಿಗೆ ಬಹಳ ಜನ ಹೇಳಿರಬೇಕು.

“ತಿಥಿ ಮುಗಿಸಿ ಗಿರಣಿ ತೆಗೆದ ದಿನಾನೇ ಬೆನ್ನಿಗೆ ಬಿತ್ತು. ಕೆಂಪರಾಜ ಅಂತಾನೆ, ಕಾಳು ಸುರಿಯೋ ತಗಡಿನ ಬಾಯಿ ಸವೆದಿದೆ, ಅದರಿಂದ ಸಿಡಿಯುತ್ತೆ ಅಂತ. ಅದು ಇರೋದು ನನ್ನ ಮುಂದೆ. ಸಿಡಿದ್ರೆ ಮುಖಕ್ಕೆ ಬೀಳ್ಬೇಕಲ್ವಾ? ನಾನು ವಾದ ಮಾಡಲ್ಲ. ತಿರುಗ್ತೀನಿ, ಬಂದೆ ಅಂತೀನಿ, ಅಷ್ಟೆ. ಅವತ್ತು ಅನ್ನದೆ ಇದ್ದಿದ್ದು ಈಗ ಅಂತೀನಿ.”

ಕರೆಂಟ್ ಬಂತು. ಎದ್ದು ಸ್ವಿಚ್ಚಿನತ್ತ ಹೋಗುತ್ತ ಅವರು ಕೇಳಿದರು. “ನಾನು ಹೋದ್ಮೇಲೆ ಅವ್ರು ಕರೆದ್ರೆ ಯಾರು ತಿರುಗ್ತಾರೆ ಹೇಳು. ಆ ನಾಯಿ ಅಂಗಡೀಲಿ ಕೆಲಸ ಮಾಡೋ ಹುಡುಗೀರು ಕಿವಿಗೆ ಹಾಡು ಸಿಕ್ಕಿಸ್ಕೊಂಡಿರ್ತಾರೆ.”

ಅವರು ಕರೆಯುತ್ತಾರೆ ಎಂದು ಮಗನಿಗೆ ಹೇಳಬಾರದೇ ಎಂದು ಸದ್ದು ಶುರುವಾಗುವ ಮೊದಲೇ ಕೇಳಿದೆ.

“ಹೇಳಿದ್ರೆ ಶಾಂತಿ ಮಾಡಿಸ್ತಾನೆ. ಹೋಮ ಮಾಡ್ಸಿ ಕಳಿಸ್ಬಿಡ್ತಾನೆ ಅವ್ರನ್ನ. ಒಂದ್ಸಲ ನಾನೇ ಕಾಯಿಸಿದ್ದು ಸಾಲ್ದಾ?”

ಸ್ವಿಚ್ ಹಾಕಿದರು.

ಕೊನೆಯ ಬೀಸು ನಮ್ಮದೇ ಆಯಿತು. ಅದು ಶನಿವಾರ, ಸೃಷ್ಟಿಯೂ ಜೊತೆಗಿದ್ದಳು. ಖಾರದ ಪುಡಿಯ ಯಂತ್ರವನ್ನು ಆಗಲೇ ಬಿಚ್ಚಿ ಒಯ್ದಿದ್ದರು. ನೆಲದಲ್ಲಿ ನಾಲ್ಕು ತೂತು ಉಳಿದಿದ್ದವು. ಕೆಂಪರಾಜ್ ಹೊರಗೆ ಟೆಂಪೋದವನ ಹತ್ತಿರ ಮಾತಾಡುತ್ತಿದ್ದ. ಸ್ಟೂಲನ್ನು ಎಲ್ಲಿಗೆ ಹಾಕಲಿ ಎಂದು ಅವನು ಕೇಳಿದ್ದಕ್ಕೆ ಆಂಜನಮ್ಮ, ಅದನ್ನ ಕೊನೆಗೆ ನೋಡಣ ಎಂದಿದ್ದರು. ಮನೆಯಲ್ಲಿದ್ದ ಜೋಳವನ್ನೆಲ್ಲ ನಾನು ತಂದಿದ್ದೆ. ಅಷ್ಟು ಹಿಟ್ಟು ಕೆಡದೆ ಇರುವುದಿಲ್ಲ ಎಂದು ಗೊತ್ತಿದ್ದೂ ತಂದಿದ್ದೆ.

ಯಂತ್ರ ಓಡಿತು. ಸೃಷ್ಟಿ ಡಬ್ಬಿಯ ಮುಂದೆ ಕೂತು, ಬಟ್ಟೆಯ ಚೀಲದಿಂದ ಇಳಿಯುವ ಹಿಟ್ಟಿಗೆ ಬೆರಳು ಒಡ್ಡಿ ಆಡುತ್ತಿದ್ದಳು. ಅವಳ ಬೆನ್ನು ಸ್ಟೂಲಿನ ಕಡೆಗಿತ್ತು. ನಾನು ಆಂಜನಮ್ಮನನ್ನೇ ನೋಡುತ್ತಿದ್ದೆ. ಆ ದಿನ ಅವರು ಒಮ್ಮೆಯೂ ತಿರುಗಲಿಲ್ಲ. ತಿರುಗಬೇಕಾಗುತ್ತದೆ ಎಂದು ಹೆಗಲು ಬಿಗಿಹಿಡಿದು ನಿಂತಿದ್ದರು. ಅವರು ಕಾಯುತ್ತಿರುವುದು, ಅದು ಬಾರದೆ ಇರುವುದು, ಎರಡೂ ಅವರ ಮುಖದಲ್ಲಿ ಕಾಣುತ್ತಿತ್ತು.

ಆಗ ತಿರುಗಿದವಳು ಸೃಷ್ಟಿ. ಕೈಯನ್ನು ಬೆನ್ನಿಗೆ ಒಯ್ದು ಕೆರೆದುಕೊಂಡು, ಗೋಡೆಯ ಕಡೆ ನೋಡಿ, ನನ್ನನ್ನು ನೋಡಿದಳು. ತುಟಿ ಓದಿದೆ. ಯಾರಮ್ಮಾ ಎನ್ನುತ್ತಿದ್ದಳು.

ಆಂಜನಮ್ಮ ಮೋಟರ್ ಆಫ್ ಮಾಡಿದರು. ನಾನು ಮಗುವಿನ ಫ್ರಾಕಿನ ಕಾಲರ್ ಬಿಡಿಸಿ ನೋಡಿದೆ. ಜೋಳದ ಕಾಳು, ಎರಡು. ನಮ್ಮ ಜೋಳದ ಡಬ್ಬಿಯಲ್ಲಿ ದಾರಿಯುದ್ದಕ್ಕೂ ಕೈಯಾಡಿಸಿದವಳು ಅವಳೇ. ತಲೆಗೂ ಸುರಿದುಕೊಂಡಿದ್ದಳು. ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಂಜನಮ್ಮ ನನ್ನ ಅಂಗೈಯಿಂದ ಆ ಎರಡು ಕಾಳು ತೆಗೆದುಕೊಂಡು ಸ್ಟೂಲಿನ ಮೇಲಿಟ್ಟರು.

“ಮಗೂನ ಸ್ಕೂಲಿಗೆ ಬಿಡಕ್ಕೆ ಈ ದಾರೀಲೇ ಅಲ್ವಾ ನೀನು ಹೋಗೋದು?” ಎಂದರು.

ಹೌದು ಅಜ್ಜಿ ಎಂದೆ.

ಹೊರಗೆ ಕೆಂಪರಾಜ್‌ನ ದನಿ ಕೇಳುತ್ತಿತ್ತು. ಅವರು ನನ್ನ ಹತ್ತಿರ ಸರಿದು ನಿಂತರು. ಸೀರೆಯಿಂದ ಹಸಿ ಹಿಟ್ಟಿನ ವಾಸನೆ.

“ನಂಗೆ ಈ ಮಂಡಿ ಕಟ್ಕೊಂಡು ಕೆ.ಆರ್. ಪುರದಿಂದ ಬರಕ್ಕಾಗಲ್ಲ. ನೀನು ಗಾಡಿ ನಿಲ್ಸೋದೇನ್ ಬೇಡ. ಇಲ್ಲಿಗೆ ಬಂದಾಗ ಒಂಚೂರು ನಿಧಾನ ಮಾಡು. ಬೆನ್ನಿಗೆ ಏನೋ ಬಿತ್ತು ಅನ್ನಿಸಿದ್ರೆ ತಿರುಗಿ, ಬಂದೆ ಅನ್ನು. ನಾನಲ್ಲ ಅಂತ ಅವ್ರಿಗೆ ಗೊತ್ತಾಗುತ್ತೆ, ಆಗ್ಲಿ. ಎಷ್ಟೇ ಅರ್ಜೆಂಟಿದ್ರೂ ಕೈ ಮಾತ್ರ ತೋರಿಸ್ಬೇಡ ಕಣಮ್ಮ.”